ಎರಡನೇ ಸಲ ನೋಡುವ ಡಾಕ್ಟರಮ್ಮ

ಹೆಣ ಕೊಯ್ಯುವ ಕೆಲಸಕ್ಕೆ ಹೋದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಚಿನ್ಮಯಿಯ ಸೋದರತ್ತೆ ಬಳ್ಳಾರಿಯಿಂದ ಫೋನಿನ ಮೇಲೆ ಫೋನು ಮಾಡಿ ಕೇಳುತ್ತಿದ್ದ ಕಾಲವೊಂದಿತ್ತು. ವಿಜಯವಾಡದ ಫಣೀಂದ್ರ ಎಂಬ ರೈಲ್ವೆ ಇಂಜಿನಿಯರು ತಾನಾಗುತ್ತೇನೆಂದು ಮುಂದೆ ಬಂದಾಗ ಅತ್ತೆಯ ಬಾಯಿಗೆ ಬೀಗ ಬಿತ್ತು. ಆದರೂ ಮದುವೆಗೆ ಬಂದ ನೆಂಟರಿಗೆಲ್ಲ ಫಣೀಂದ್ರನ ತಾಯಿ ಮೂಗು ಮುರಿಯುತ್ತಲೇ, ಹುಡುಗಿ ಸರ್ಕಾರಿ ಡಾಕ್ಟರೆಂದಷ್ಟೇ ಹೇಳಿದರು. ಎಂಥ ಡಾಕ್ಟರೆಂದು ಯಾರಾದರೂ ಕೇಳಿದರೆ, ಎಲೆ ಹಾಕಿದ್ದಾರೆ, ಊಟಕ್ಕೆ ಏಳಿ ಎನ್ನುತ್ತಿದ್ದರು.

ಆ ನೆಂಟರಿಗೆ ತಿಳಿಯದ ಸಂಗತಿ ಒಂದಿತ್ತು. ನ್ಯಾಯವೈದ್ಯ ವಿಭಾಗಕ್ಕೆ ಸತ್ತವರು ಮಾತ್ರ ಬರುವುದಿಲ್ಲ, ಏಟು ತಿಂದು ಬದುಕಿದವರೂ ಬರುತ್ತಾರೆ. ಗಂಡನಿಂದ, ದಾಯಾದಿಗಳಿಂದ, ಬಾರಿನ ಮುಂದೆ ನಿನ್ನೆಯವರೆಗೂ ಗೆಳೆಯನಾಗಿದ್ದವನಿಂದ ಹೊಡೆಸಿಕೊಂಡವರು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ಅದು ಎಂಥ ಗಾಯ, ಯಾವುದರಿಂದ ಆಯಿತು, ಯಾವಾಗ ಆಯಿತು ಎಂದು ಡಾಕ್ಟರು ಬರೆದುಕೊಟ್ಟದ್ದರ ಮೇಲೆ ಪೊಲೀಸರ ಕೇಸು ಎದ್ದು ನಿಲ್ಲುತ್ತದೆ, ಇಲ್ಲವೇ ಮಕಾಡೆ ಬೀಳುತ್ತದೆ. ಗಾಯ ಮಾಯುವುದು ದೇಹಕ್ಕೆ ಒಳ್ಳೆಯದು, ಆದರೆ ಮಾಯ್ದ ಗಾಯ ಕೋರ್ಟಿಗೆ ಬಂದು ಸಾಕ್ಷಿ ಹೇಳಲಾರದು. ಅದರ ಪರವಾಗಿ ಹೇಳುವವರು ಡಾಕ್ಟರೇ.

ಚಿನ್ಮಯಿ ಬೆಳೆದದ್ದು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ. ಅಪ್ಪ ಶೇಷಗಿರಿ ಬಳ್ಳಾರಿಯಿಂದ ಬಂದು ಕಾರ್ಖಾನೆಗೆ ಸೇರಿದವರು. ಅವರು ಈಗಿಲ್ಲ. ಅಮ್ಮ ರತ್ನಮ್ಮ ಅದೇ ಕಾರ್ಖಾನೆಯಲ್ಲಿರುವ ಮಗ ರಾಘವನ ಮನೆಯಲ್ಲಿ ಮೊಮ್ಮಕ್ಕಳ ಮೇಲೆ ಜೋರು ಮಾಡಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ಚಿನ್ಮಯಿ ಕೆಲಸಕ್ಕೆ ಸೇರಿದ್ದೂ ಅದೇ ಊರಿನ ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಮಾತಾಡುವುದು ತೆಲುಗು, ಬರೆಯುವುದು ಇಂಗ್ಲಿಷು. ಸಿಟ್ಟು ಬಂದಾಗ ಮಾತ್ರ ಅಪ್ಪಟ ಬಳ್ಳಾರಿ ಕನ್ನಡ ಹೊರಗೆ ಬೀಳುತ್ತದೆ.

ಇವಳಿಗೊಂದು ಅಭ್ಯಾಸವಿತ್ತು. ಏಟು ತಿಂದು ಬಂದವರನ್ನು ನೋಡಿ, ಅಳೆದು, ಬರೆದು ಮುಗಿಸಿದ ಮೇಲೆ, ನಾಲ್ಕೈದು ದಿನ ಬಿಟ್ಟು ಇನ್ನೊಮ್ಮೆ ಬಂದು ತೋರಿಸಿ ಎನ್ನುವಳು. ಹೀಗೆ ಕರೆಯಲೇಬೇಕೆಂದು ಅಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಆದರೆ ಒಳಗೆ ಕಟ್ಟಿದ ರಕ್ತ ಎಷ್ಟೋ ಸಲ ತಡವಾಗಿ ಮೇಲಕ್ಕೆ ಬರುತ್ತದೆ, ಬಾವು ಇಳಿದ ಮೇಲೆಯೇ ಬೆರಳಿನ ಗುರುತು ಕಾಣುತ್ತದೆ. ಕರೆದವರಲ್ಲಿ ಅರ್ಧ ಜನ ಬರುತ್ತಿರಲಿಲ್ಲ. ಬಂದರೂ ಕೆಲಸ ಹೆಚ್ಚು, ಹೊಗಳುವವರಿಲ್ಲ. ಜೊತೆಯ ಡಾಕ್ಟರುಗಳು ಇವಳಿಗೆ ಎರಡನೇ ಸಲ ನೋಡುವ ಡಾಕ್ಟರಮ್ಮ ಎಂದು ಹೆಸರಿಟ್ಟು, ಹೆಣವನ್ನೂ ನಾಲ್ಕು ದಿನ ಬಿಟ್ಟು ಬಾ ಅನ್ನುತ್ತೀರಾ ಮೇಡಂ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಅಭ್ಯಾಸ ಮಾತ್ರ ಬಿಡಲಿಲ್ಲ.

ಹಾಗೆ ಏಟು ತಿಂದು ಬಂದವರಲ್ಲಿ ಲಕ್ಷ್ಮೀಪ್ರಸನ್ನ ಒಬ್ಬಳು, ಬಂದದ್ದು ಹತ್ತಿರದ ಕಡಲೂರು ಭೀಮುನಿಪಟ್ಟಣದಿಂದ. ಅಲ್ಲಿಯ ದಡದಲ್ಲಿ ಬೆಳಿಗ್ಗೆ ದೋಣಿ ಬಂದ ಕೂಡಲೇ ಮೀನಿನ ಹರಾಜು ನಡೆಯುತ್ತದೆ. ಅವಳ ಗಂಡ ಅನಿಲ್‌ಕುಮಾರ್ ಹರಾಜಿನಲ್ಲಿ ಮೀನು ಕೊಂಡು, ಒಣಗಿಸಿದ್ದನ್ನು ವಿಜಯವಾಡಕ್ಕೆ ಸಾಗಿಸುವ ವ್ಯಾಪಾರಿ. ಆ ಸಲ ಅವನು ವ್ಯಾಪಾರಕ್ಕೆಂದು ಹೋಗಿ ಒಂದು ವಾರಕ್ಕೂ ಹೆಚ್ಚು ಕಾಲ ಅಲ್ಲಿಯ ಗವರ್ನರ್‌ಪೇಟೆಯ ಲಾಡ್ಜಿನಲ್ಲಿ ಉಳಿದ. ಇಲ್ಲಿ ಹೆಂಡತಿ ಸುಮ್ಮನೆ ಕೂರಲಿಲ್ಲ. ಅವನ ಬದಲು ತಾನೇ ದಡಕ್ಕೆ ಹೋಗಿ, ತನ್ನ ಹೆಸರಿನಲ್ಲಿ ಹರಾಜು ಕೂಗಿ ಕೊಂಡು, ತಾನೇ ಮಾರಿದಳು. ಚೆನ್ನಾಗಿಯೇ ಮಾರಿದಳು. ಅದೇ ತಪ್ಪಾಯಿತು. ಊರಿಗೆ ಬಂದ ಗಂಡನಿಗೆ ದಡದಲ್ಲಿದ್ದವರು, ಇನ್ನು ನೀನು ಮನೆಯಲ್ಲಿದ್ದು ಅಡುಗೆ ಮಾಡಪ್ಪಾ ಎಂದು ಚುಡಾಯಿಸಿದರು. ಅವನಿಗೆ ಸಿಟ್ಟು ನೆತ್ತಿಗೇರಿತು. ಅಂದು ಸಂಜೆ ಮನೆಗೆ ಬಂದವನು, ಕೂಗಿದ ಗಂಟಲು ಇದೇ ತಾನೇ ಎಂದು ಎರಡು ಕೈಯಲ್ಲೂ ಅವಳ ಕುತ್ತಿಗೆ ಹಿಚುಕಿದ. ಪಕ್ಕದ ಬೀದಿಯಲ್ಲಿದ್ದ ಅವಳ ತಾಯಿ ಶಾರದಾ ಅಕಸ್ಮಾತ್ತಾಗಿ ಬಾಗಿಲು ತಳ್ಳಿಕೊಂಡು ಒಳಗೆ ಬಂದದ್ದರಿಂದ ಜೀವ ಉಳಿಯಿತು. ಕಿರುಚಾಟ ಕೇಳಿದ ನೆರೆಯವರು ಮಾತ್ರ ತಮಗೇನೂ ಕೇಳಿಸಲಿಲ್ಲವೆಂದರು. ಅವರ ಮನೆಯ ಗಂಡಸರೆಲ್ಲ ಅನಿಲ್‌ಕುಮಾರನ ಮೀನು ಹೊರುವವರು.

ಶಾರದಾ ಮಗಳನ್ನು ತನ್ನ ಮನೆಗೆ ಎಳೆದುಕೊಂಡು ಹೋಗಿ, ಎಲ್ಲ ತಾಯಂದಿರೂ ಮಾಡುವುದನ್ನೇ ಮಾಡಿದಳು. ಅರಿಶಿನ ಅರೆದು ಕುತ್ತಿಗೆಗೆ ದಪ್ಪಗೆ ಮೆತ್ತಿದಳು. ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ, ದೊಡ್ಡ ಡಾಕ್ಟರುಗಳ ಮುಂದೆ ಹೀಗೆ ಮೆತ್ತಿಕೊಂಡು ಹೋದರೆ ಏನಂದುಕೊಂಡಾರು ಎಂದು ಅದನ್ನು ನೀರಿನಲ್ಲಿ ತೊಳೆದಳು. ಅರಿಶಿನ ಹೋಯಿತು, ಬಣ್ಣ ಉಳಿಯಿತು.

ಆ ಬೆಳಿಗ್ಗೆ ತುರ್ತು ವಿಭಾಗದಲ್ಲಿದ್ದವನು ಗುರುದತ್ ಎಂಬ ಹೊಸ ಡಾಕ್ಟರು. ತಾಯಿ ಹೊಸಪೇಟೆಯವರು, ತಂದೆ ತೆಲುಗಿನವರು. ಹುಡುಗನನ್ನು ಎಂಟನೇ ತರಗತಿಗೇ ವಿಜಯವಾಡದ ಕೋಚಿಂಗ್ ಹಾಸ್ಟೆಲಿಗೆ ಹಾಕಿದ್ದರು. ಡಾಕ್ಟರಾಗುವ ತನಕ ಅವನು ಆ ಕಡೆಯ ಹಾಸ್ಟೆಲಿನಿಂದ ಈ ಕಡೆಯ ಹಾಸ್ಟೆಲಿಗೆ ಹೋದನೇ ಹೊರತು ಮನೆಯ ಅಡುಗೆಕೋಣೆಯಲ್ಲಿ ಕೂತು ಅಮ್ಮನ ಕೈ ನೋಡಲಿಲ್ಲ. ಮನೆಯ ಕನ್ನಡವೂ ತೇಯ್ದುಹೋಯಿತು, ಬಿದ್ದು ಬಂದ ಮೊಣಕಾಲಿಗೆ ಅರಿಶಿನ ಹಚ್ಚಿಸಿಕೊಳ್ಳುವ ಭಾಗ್ಯವೂ ತಪ್ಪಿತು. ಪುಸ್ತಕ ಮಾತ್ರ ಬಾಯಿಪಾಠ. ಲಕ್ಷ್ಮೀಪ್ರಸನ್ನಳದು ಕಪ್ಪು ಮೈಬಣ್ಣ, ಒಳಗಿನ ರಕ್ತ ಇನ್ನೂ ಸರಿಯಾಗಿ ಮೇಲೆದ್ದಿರಲಿಲ್ಲ. ಬೆರಳುಗಳು ಒತ್ತಿದ ಗುರುತು ಅವನಿಗೆ ಕಂಡಿತು, ಅವುಗಳನ್ನು ಒಂದೊಂದಾಗಿ ಅಳೆದೂ ಬರೆದ. ಬಣ್ಣ ಹಳದಿಯಾಗಿ ಕಂಡಿತು. ರಕ್ತ ಕಟ್ಟಿದ ಗುರುತು ಹಳದಿಗೆ ತಿರುಗಲು ಸುಮಾರು ಒಂದು ವಾರ ಬೇಕೆಂದು ಓದಿದ್ದ. ಹಾಗೆಯೇ ಬರೆದು ಸಹಿ ಹಾಕಿದ. ನಿನ್ನೆ ಆಗಿದ್ದೆಂದು ಅವಳು ಹೇಳುತ್ತಿದ್ದಾಳಲ್ಲ ಎಂದು ಅವನಿಗೆ ಅನ್ನಿಸಿತಂತೆ. ಆದರೆ ಬೆಂಚಿನ ಮೇಲೆ ಇನ್ನೂ ಬೇಕಾದಷ್ಟು ಜನ ಕಾಯುತ್ತಿದ್ದರು.

ಅನಿಲ್‌ಕುಮಾರನ ಕಡೆಯವರಿಗೆ ಇದು ಕೇಳದೇ ಸಿಕ್ಕಿದ ವರ. ಗಾಯ ವಾರದ ಹಿಂದಿನದು, ವಾರದ ಹಿಂದೆ ಗಂಡ ವಿಜಯವಾಡದ ಲಾಡ್ಜಿನಲ್ಲಿದ್ದ. ಹಾಗಾದರೆ ಗಂಡ ಊರಲ್ಲಿ ಇಲ್ಲದಾಗ ಆ ಕುತ್ತಿಗೆಯ ಮೇಲೆ ಕೈಯಿಟ್ಟವನು ಯಾರು? ಈ ಪ್ರಶ್ನೆಯನ್ನು ಅವರು ಕೋರ್ಟಿನವರೆಗೂ ಕಾಯಿಸಲಿಲ್ಲ, ದಡದ ಮೇಲೆಲ್ಲ ಹರಡಿದರು. ಕೊಲ್ಲಹೊರಟವನು ಜಾಮೀನಿನ ಮೇಲೆ ಬಂದು ದಿನಾ ಬೆಳಿಗ್ಗೆ ಹರಾಜಿನ ಜಾಗದಲ್ಲಿ ಕಾಲು ಚಾಚಿ ಕೂತ. ಸಾವಿನಿಂದ ಪಾರಾದವಳು ಮುಖ ತೋರಿಸಲಾರದೆ ಒಳಗೆ ಸೇರಿದಳು. ನ್ಯಾಯ ಅನ್ನುವುದು ಎಷ್ಟು ಬೇಗ ತಲೆಕೆಳಗಾಗುತ್ತದೆ ನೋಡಿ.

ಇದೆಲ್ಲ ನಡೆಯುವ ಮುಂಚೆಯೇ ಚಿನ್ಮಯಿ ಅವಳಿಗೆ ಎರಡನೇ ಸಲದ ಪರೀಕ್ಷೆ ಮಾಡಿದ್ದಳು. ಗುರುದತ್ ಬರೆದದ್ದು ಅವಳ ಮೇಜಿಗೆ ಬಂದಿತ್ತು, ಅವಳು ತನ್ನ ಪದ್ಧತಿಯಂತೆ ಹೇಳಿಕಳಿಸಿದ್ದಳು. ನಾಲ್ಕೈದು ದಿನ ಕಳೆದು ತಾಯಿ ಮಗಳು ಬಸ್ಸು ಹತ್ತಿ ಬಂದರು. ಕುತ್ತಿಗೆ ಆಗಲೂ ಹಳದಿಯೇ. ಆದರೆ ಟೌನ್‌ಶಿಪ್ಪಿನ ಪಾರ್ಕಿನಲ್ಲಿ ಬಿದ್ದು ಬಿದ್ದು ಬಾಲ್ಯವೆಲ್ಲ ಹಳದಿ ಮೊಣಕಾಲಿನಲ್ಲೇ ಕಳೆದವಳಿಗೆ ಆ ಹಳದಿಯ ಗುರುತು ಸಿಗಲು ಎಷ್ಟು ಹೊತ್ತು ಬೇಕು? ಅರಿಶಿನ ಹಚ್ಚಿದ್ದೀರಾ ಎಂದು ಕೇಳಿದಳು. ದಿನಾ ಸಂಜೆ ಹಚ್ಚುತ್ತೇನಮ್ಮಾ, ಬೆಳಿಗ್ಗೆ ತೊಳೆಯುತ್ತೇನೆ ಎಂದು ಶಾರದಾ ಹೆಮ್ಮೆಯಿಂದಲೇ ಹೇಳಿದಳು. ಮೊದಲ ದಿನವೂ ಹಚ್ಚಿದ್ದೆಯಾ ಎಂದು ಕೇಳಿದ್ದಕ್ಕೆ, ಹಚ್ಚದೆ ಇರುತ್ತೇನೆಯೇ ಎಂದಳು.

ಚಿನ್ಮಯಿ ಗುರುದತ್‌ನನ್ನು ಕರೆಸಿದಳು, ಪೊಲೀಸರ ಫೋಟೋಗ್ರಾಫರನನ್ನೂ ಕರೆಸಿದಳು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕುತ್ತಿಗೆಯನ್ನು ಮೆಲ್ಲಗೆ ಒರೆಸಿದಳು. ನೀರಿಗೆ ಜಗ್ಗದ ಬಣ್ಣ ಸ್ಪಿರಿಟ್ಟಿಗೆ ಬಿಟ್ಟಿತು. ಹತ್ತಿ ಹಳದಿಯಾಯಿತು, ಕುತ್ತಿಗೆಯ ಮೇಲೆ ನೀಲಿ ಎದ್ದು ಬಂತು.

"ಈಗ ನೋಡಪಾ. ಏನ್ ಬಣ್ಣ ಐತಿ?" ಎಂದು ಕನ್ನಡದಲ್ಲೇ ಕೇಳಿದಳು.

ಗುರುದತ್ ಬಗ್ಗಿ ನೋಡಿದ. "ಬ್ಲೂ, ಮೇಡಂ. ಅಂಚಿನಲ್ಲಿ ಈಗಷ್ಟೇ ಗ್ರೀನ್ ಆಗ್ತಾ ಇದೆ."

ಅಷ್ಟು ಹೇಳಿ ಅವನು ತಲೆ ಎತ್ತಲಿಲ್ಲ. ರಕ್ತ ಕಟ್ಟಿದ ಗುರುತು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ಹೋಗುತ್ತದೆ. ಹಳದಿಯಾದದ್ದು ಹಿಂದಕ್ಕೆ ಬಂದು ನೀಲಿಯಾಗುವುದಿಲ್ಲ. ಅಂದ ಮೇಲೆ ಮೊದಲ ದಿನ ತಾನು ಕಂಡದ್ದು ಅಡುಗೆಮನೆಯ ಡಬ್ಬಿಯಿಂದ ಬಂದ ಹಳದಿ ಎಂದು ಅವನಿಗೆ ಅರ್ಥವಾಯಿತು.

ತನಿಖೆಯ ಸಬ್‌ಇನ್ಸ್‌ಪೆಕ್ಟರು ಸುಲಭದ ದಾರಿ ತೋರಿಸಿದ. ಹಳೆಯದನ್ನು ಹರಿದುಹಾಕಿ ಹೊಸದೊಂದು ಬರೆದುಕೊಡಿ, ಯಾರಿಗೂ ತಿಳಿಯುವುದಿಲ್ಲ, ಹುಡುಗನ ಮರ್ಯಾದೆಯೂ ಉಳಿಯುತ್ತದೆ ಎಂದ. ಗುರುದತ್‌ನ ಕಣ್ಣಿನಲ್ಲಿ ಆಸೆ ಹೊಳೆದದ್ದು ಚಿನ್ಮಯಿಗೆ ಕಂಡಿತು. ಅವಳಿಗೂ ಒಂದು ಗಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಹೆಂಗಸಿನ ಪ್ರಾಣ, ಮಾನ ಎರಡೂ ಒಂದು ತಪ್ಪು ಬಣ್ಣದ ಮೇಲೆ ನಿಂತಿದ್ದವು, ತಪ್ಪು ಎಲ್ಲಿದೆ ಎಂಬುದೂ ಗೊತ್ತಿತ್ತು. ಆದರೆ ಒಳ್ಳೆಯ ಕೆಲಸಕ್ಕೆಂದು ಒಂದು ಸಲ ಹರಿದ ಕೈ ಮುಂದೆ ಯಾವುದಕ್ಕೆ ಹರಿಯುತ್ತದೋ ಹೇಳುವವರಾರು?

"ಬರದದ್ದು ಅಲ್ಲೇ ಇರ್ಲಿ, ಗುರುದತ್," ಎಂದಳು. "ಇವತ್ತು ಕಂಡದ್ದನ್ನ ಅದರ ಪಕ್ಕಕ್ಕ ಬರಿಯೋಣ. ಎರಡೂ ಕೋರ್ಟು ನೋಡ್ಲಿ. ಯಾಕ ತಪ್ಪಾತು ಅಂತ ನಿನ್ನ ಬಾಯಿಂದನ ಕೇಳ್ಲಿ."

ಹಾಗೆಯೇ ಆಯಿತು, ಹುಡುಗನಿಗೆ ನಿದ್ದೆ ಕೆಟ್ಟಿತು. ಅವನಿಗಿಂತ ಹೆಚ್ಚು ಕೆಟ್ಟದ್ದು ಶಾರದಾಗೆ. ನಿನ್ನ ಅರಿಶಿನದಿಂದಲೇ ಅಳಿಯ ಬಿಡುಗಡೆಯಾಗುತ್ತಾನೆ ನೋಡು ಎಂದು ಯಾರೋ ಪುಣ್ಯಾತ್ಗಿತ್ತಿ ಅವಳ ಕಿವಿಯಲ್ಲಿ ಊದಿದಳು. ಅಂದಿನಿಂದ ಶಾರದಾ ಮನೆಯಲ್ಲಿ ಅರಿಶಿನ ಮುಟ್ಟಲಿಲ್ಲ, ಸಾರಿಗೂ ಹಾಕಲಿಲ್ಲ. ಗಂಡ ಬದುಕಿರುವ ತೆಲುಗು ಹೆಂಗಸು ಹಬ್ಬದ ದಿನವೂ ಕಾಲಿಗೆ ಅರಿಶಿನ ಹಚ್ಚಲಿಲ್ಲವೆಂದರೆ ಬೀದಿಯಲ್ಲಿ ಏನೇನು ಮಾತಾಡಿರಬೇಡ.

ಕೇಸು ಕರೆಗೆ ಬರುವ ಹೊತ್ತಿಗೆ ಚಿನ್ಮಯಿಗೆ ವಿಜಯವಾಡಕ್ಕೆ ವರ್ಗವಾಗಿತ್ತು. ಫಣೀಂದ್ರನಿಗೆ ಸಂತೋಷ, ಅವನ ತಾಯಿಗೆ ಇನ್ನೂ ಸಂತೋಷ. ಬೇಕಾದರೆ ವಿಜಯವಾಡದಲ್ಲೇ ಕೂತು ವಿಡಿಯೊದಲ್ಲಿ ಸಾಕ್ಷಿ ಹೇಳಬಹುದು ಎಂದು ಸರ್ಕಾರಿ ವಕೀಲರು ತಿಳಿಸಿದ್ದರು. ಎಷ್ಟೋ ಡಾಕ್ಟರುಗಳು ಹಾಗೆ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಚಿನ್ಮಯಿಗೆ, ತಾನು ಪರದೆಯಲ್ಲಿ ಕೂತು ಗುರುದತ್ ಒಬ್ಬನೇ ಕಟಕಟೆಯಲ್ಲಿ ನಿಲ್ಲುವುದು ಸರಿ ಕಾಣಲಿಲ್ಲ. ರೈಲು ಹತ್ತಿ ಹಿಂದಿನ ದಿನವೇ ರಾಘವನ ಮನೆ ಸೇರಿದಳು. ನಾಳೆ ಯಾರನ್ನು ಜೈಲಿಗೆ ಹಾಕಿಸುತ್ತೀಯೇ ಎಂದು ರತ್ನಮ್ಮ ಕೇಳಿದರು. "ನಾನ್ಯಾರವ್ವ ಹಾಕ್ಸಾಕ. ಕಂಡದ್ದು ಹೇಳಿ ಬರ್ತೀನಿ," ಎಂದು ಮಗಳು ಊಟಕ್ಕೆ ಕೂತಳು.

ಕೋರ್ಟಿನ ವರಾಂಡದಲ್ಲಿ ಲಕ್ಷ್ಮೀಪ್ರಸನ್ನ ಗೋಡೆಗೊರಗಿ ನಿಂತಿದ್ದಳು. ಎದುರಿನ ಕಂಬದ ಹತ್ತಿರ ಅನಿಲ್‌ಕುಮಾರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಯಾರ ಜೊತೆಗೋ ನಗುತ್ತಿದ್ದ. ಚಿನ್ಮಯಿ ಹತ್ತಿರ ಹೋದಾಗ ಲಕ್ಷ್ಮೀಪ್ರಸನ್ನ ಒಂದೇ ಮಾತು ಕೇಳಿದಳು. "ಡಾಕ್ಟರಮ್ಮಾ, ಇವನು ಬಿಡುಗಡೆಯಾದರೆ ನಾನು ದಡಕ್ಕೆ ಹೋಗೋದು ಹೇಗೆ?" ಚಿನ್ಮಯಿ ಸುಳ್ಳು ಧೈರ್ಯ ಹೇಳದೆ ಅವಳ ಕೈ ಹಿಡಿದುಕೊಂಡಳು.

ಮೊದಲು ಗುರುದತ್‌ನನ್ನು ಕರೆದರು. ಎದುರುಪಕ್ಷದ ವಕೀಲ ದುರ್ಗಾಪ್ರಸಾದ್ ಸಿಹಿ ಮಾತಿನವರು. ನೀವು ಬರೆದದ್ದು ನಿಮ್ಮ ಕಣ್ಣಾರೆ ಕಂಡದ್ದೇ ತಾನೇ, ನಿಮ್ಮ ಓದಿನ ಬಗ್ಗೆ ನಮಗೆ ಗೌರವವಿದೆ, ಹಿರಿಯರು ಹೇಳಿದರೆಂದು ನಿಮ್ಮ ಮಾತನ್ನು ನೀವೇ ಬಿಟ್ಟುಕೊಡಬೇಡಿ ಎಂದು ಬೆನ್ನು ಸವರಿದರು. ಹೌದು ಎಂದುಬಿಟ್ಟರೆ ಹುಡುಗ ತಲೆ ಎತ್ತಿಕೊಂಡು ಹೊರಗೆ ಬರಬಹುದಿತ್ತು. ಅವನು ಒಮ್ಮೆ ಶಾರದಾ ಕೂತ ಕಡೆ ನೋಡಿದ. ಕಂಡದ್ದು ಹಳದಿಯೇ, ಆದರೆ ಅದು ಅರಿಶಿನದ ಬಣ್ಣ, ಒರೆಸಿ ನೋಡಬೇಕಿತ್ತು, ನೋಡಲಿಲ್ಲ, ತಪ್ಪು ನನ್ನದು ಎಂದ. ಹೊರಗೆ ಬಂದು ಬೆಂಚಿನ ಮೇಲೆ ಕೂತವನಿಗೆ ಹಿಂದೆಯೇ ಎದ್ದು ಬಂದ ಶಾರದಾ ತನ್ನ ನೀರಿನ ಬಾಟಲಿ ಕೊಟ್ಟಳು.

ಆಮೇಲೆ ಚಿನ್ಮಯಿಯ ಸರದಿ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಮುಗಿದ ಮೇಲೆ ದುರ್ಗಾಪ್ರಸಾದ್ ಎದ್ದರು.

"ಡಾಕ್ಟರ್ ಗಾರು, ಬಣ್ಣ ನೋಡಿ ಗಾಯ ಇಂಥ ದಿನವೇ ಆದದ್ದು ಅಂತ ಖಚಿತವಾಗಿ ಹೇಳಬಹುದಾ?"

"ಹೇಳಲಾಗದು," ಎಂದಳು ಚಿನ್ಮಯಿ.

ಸರ್ಕಾರಿ ವಕೀಲರ ಮುಖ ಬಿಳಿಚಿತು. ದುರ್ಗಾಪ್ರಸಾದರ ಮುಖ ಅರಳಿತು. ಹಾಗಾದರೆ ನಿಮ್ಮ ಅಭಿಪ್ರಾಯಕ್ಕೆ ಬೆಲೆ ಏನು ಎಂದರು.

"ದಿನ ಹೇಳೋಕ್ಕಾಗಲ್ಲ, ದಿಕ್ಕು ಹೇಳಬಹುದು. ಗುರುತು ನೀಲಿಯಿಂದ ಹಳದಿಗೆ ಹೋಗುತ್ತದೆ, ಹಳದಿಯಿಂದ ನೀಲಿಗೆ ಬರುವುದಿಲ್ಲ. ನಾನು ನೋಡಿದಾಗ ಆ ಗುರುತುಗಳು ಇನ್ನೂ ನೀಲಿ ದಾಟಿರಲಿಲ್ಲ. ಅದಕ್ಕಿಂತ ಮುಂಚೆ ಅವು ಹಳದಿಯಾಗಿದ್ದಿರಲು ಸಾಧ್ಯವಿಲ್ಲ."

ವಕೀಲರು ಬಿಡಲಿಲ್ಲ. ಮೊದಲು ನೋಡಿದ ಮೇಲೆ, ನಡುವೆ ಯಾರೋ ಮತ್ತೆ ಹಿಚುಕಿರಬಾರದೇಕೆ ಎಂದರು. ಹಿಚುಕಿದ್ದರೆ ಬೇರೆ ಕಡೆ ಗುರುತು ಬೀಳುತ್ತಿತ್ತು, ಡಾಕ್ಟರ್ ಗುರುದತ್ ಅಳೆದು ಬರೆದ ಜಾಗಗಳಲ್ಲೇ, ಅದೇ ಅಳತೆಯಲ್ಲೇ ನನಗೂ ಸಿಕ್ಕವು, ಹೊಸದೊಂದೂ ಇರಲಿಲ್ಲ ಎಂದಳು. ಬಣ್ಣದಲ್ಲಿ ಎಡವಿದ ಹುಡುಗ ಅಳತೆಯಲ್ಲಿ ಎಡವಿರಲಿಲ್ಲ. ಸಬ್‌ಇನ್ಸ್‌ಪೆಕ್ಟರು ಹರಿದುಹಾಕಿ ಎಂದಿದ್ದ ಆ ಹಾಳೆಯೇ ಈಗ ಬೆನ್ನಿಗೆ ನಿಂತಿತು. ಕೊನೆಗೆ ದುರ್ಗಾಪ್ರಸಾದ್, ಈ ಹೆಂಗಸನ್ನು ಮಾತ್ರ ಮತ್ತೆ ಕರೆಸಿದ್ದೇಕೆ, ಪೊಲೀಸರು ಹೇಳಿಕೊಟ್ಟರೇ ಎಂದು ಕೊಂಕು ತೆಗೆದರು. ಎಲ್ಲರನ್ನೂ ಕರೆಯುತ್ತೇನೆ, ಇವರು ಬಂದರು ಎಂದಳು ಚಿನ್ಮಯಿ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ ನೋಡಿ ಬರೆದುಕೊಂಡರು.

ಅಂದು ಏನೂ ತೀರ್ಮಾನವಾಗಲಿಲ್ಲ, ಆಗುವುದೂ ಇಲ್ಲ. ಸಾಕ್ಷಿ ಹೇಳಿದವರು ರೈಲು ಹತ್ತುತ್ತಾರೆ, ಕಾಯುವವರು ಕಾಯುತ್ತಾರೆ. ಹೊರಡುವ ಮುಂಚೆ ಚಿನ್ಮಯಿ ಶಾರದಾಳನ್ನು ಪಕ್ಕಕ್ಕೆ ಕರೆದು, ನಿನ್ನ ಅರಿಶಿನ ಕೇಸು ಕೆಡಿಸಲಿಲ್ಲ, ಒರೆಸದೇ ನೋಡಿದ್ದು ನಾವು, ಹೋಗಿ ಸಾರಿಗಾದರೂ ಹಾಕಮ್ಮಾ ಎಂದಳು. ಶಾರದಾ ಅಳುತ್ತಳುತ್ತಲೇ ನಕ್ಕಳು. ಗುರುದತ್ ಸ್ಟೇಷನ್ನಿನ ತನಕ ಬೈಕಿನಲ್ಲಿ ಬಿಟ್ಟ. ತಾನೂ ಈಗ ಗಾಯದವರನ್ನು ಎರಡನೇ ಸಲ ಕರೆಯುತ್ತಿದ್ದೇನೆ, ಎಲ್ಲರೂ ಬೈಯುತ್ತಿದ್ದಾರೆ ಎಂದು ದಾರಿಯಲ್ಲಿ ದೂರು ಹೇಳಿದ. ಅವಳಿಗೆ ಕೇಳಿ ಹಿಗ್ಗಾಯಿತು.

ತೀರ್ಪು ಬಂದದ್ದು ಮಳೆಗಾಲ ಕಳೆದ ಮೇಲೆ. ಸರ್ಕಾರಿ ವಕೀಲರು ಸಂಜೆ ಫೋನು ಮಾಡಿ ಹೇಳಿದರು. ಕೊಲೆಯ ಪ್ರಯತ್ನ ಸಾಬೀತಾಗಿದೆ, ಅನಿಲ್‌ಕುಮಾರನನ್ನು ಕೋರ್ಟಿನಿಂದಲೇ ಜೈಲಿಗೆ ಕರೆದೊಯ್ದರು. ನ್ಯಾಯಾಧೀಶರು ತಾಯಿಯ ಮಾತನ್ನೂ ಇಬ್ಬರು ವೈದ್ಯರ ಮಾತನ್ನೂ ಒಟ್ಟಿಗಿಟ್ಟು ನೋಡಿದ್ದಾರಂತೆ, ಮೊದಲ ತಪ್ಪನ್ನು ಮುಚ್ಚಿಡದೇ ಇದ್ದದ್ದರಿಂದಲೇ ಎರಡನೇ ಮಾತನ್ನು ನಂಬಬಹುದು ಎಂದು ಬರೆದಿದ್ದಾರಂತೆ. ಅವನು ಮೇಲಿನ ಕೋರ್ಟಿಗೆ ಹೋಗಬಹುದು, ಹೋಗುತ್ತಾನೆ ಕೂಡ. ಅದು ಆಮೇಲಿನ ಮಾತು. ಚಿನ್ಮಯಿ ಫಣೀಂದ್ರನಿಗೆ ಹೇಳಿದಳು, ಅವನು ಓಡಿಹೋಗಿ ಅವಳಿಗೆ ಇಷ್ಟವಾದ ಪೂತರೇಕು ಮಿಠಾಯಿ ತಂದ. ಮೂಗು ಮುರಿಯುತ್ತಿದ್ದ ಅವನ ತಾಯಿ ಈಗ ಅಕ್ಕಪಕ್ಕದವರಿಗೆಲ್ಲ ಸೊಸೆ ಎಂಥ ಡಾಕ್ಟರೆಂದು ತಾವೇ ವಿವರಿಸಿದರು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೊರಟ ಆಟೊ ಬೆಂಜ್ ಸರ್ಕಲ್ಲಿನಲ್ಲಿ ಎಂದಿನಂತೆ ಸಿಕ್ಕಿಹಾಕಿಕೊಂಡಿತು. ಸುತ್ತ ಹಾರನ್ನುಗಳ ಗಲಾಟೆ. ಲಕ್ಷ್ಮೀಪ್ರಸನ್ನ ಹೇಗಿದ್ದಾಳೋ, ಗಂಡ ಜೈಲಿಗೆ ಹೋದನೆಂದು ಊರು ಇನ್ನೇನು ಅನ್ನುತ್ತಿದೆಯೋ ಎಂದು ಚಿನ್ಮಯಿಗೆ ಆತಂಕ. ಫೋನು ಮಾಡಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಅವಳು ಎತ್ತಿದಳು. ಆ ಕಡೆಯ ಗದ್ದಲದ ಮುಂದೆ ಬೆಂಜ್ ಸರ್ಕಲ್ಲಿನ ಗದ್ದಲ ಏನೂ ಅಲ್ಲ.

"ಡಾಕ್ಟರಮ್ಮಾ, ಆಮೇಲೆ ಮಾಡ್ತೀನಿ, ಕೋಪ ಮಾಡ್ಕೋಬೇಡಿ," ಎಂದು ಲಕ್ಷ್ಮೀಪ್ರಸನ್ನ ಅವಸರದಲ್ಲಿ ಹೇಳಿದಳು. "ದೋಣಿ ಬಂದಿದೆ. ವಂಜರ ಮೀನು ಹರಾಜಿಗಿದೆ, ನಾನು ಕೂಗಬೇಕು."

ಫೋನು ಕಟ್ ಮಾಡುವಷ್ಟೂ ಪುರುಸೊತ್ತು ಅವಳಿಗಿರಲಿಲ್ಲ. ಕೈಯಲ್ಲೋ ಸೊಂಟದಲ್ಲೋ ಅದು ಹಾಗೇ ಉಳಿಯಿತು. ಗಂಡಸರ ದನಿಗಳ ನಡುವೆ ಅವಳ ದನಿ ಒಂದು ಸಲ ಎದ್ದಿತು, ಅವರು ಏರಿಸಿದರು, ಅವಳು ಇನ್ನೂ ಗಟ್ಟಿಯಾಗಿ ಗಂಟಲು ತೆರೆದು ಅವರ ಮೇಲೆ ಏರಿಸಿದಳು. ಸಿಗ್ನಲ್ ಬಿಟ್ಟು ಆಟೊ ಹೊರಟರೂ ಚಿನ್ಮಯಿ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದಳು, ಆ ಮೀನು ಲಕ್ಷ್ಮೀಪ್ರಸನ್ನಳ ಹೆಸರಿಗೆ ಬೀಳುವ ತನಕ.